ಪೊರೆ ತೆಳುವಾದ ಕಥೆ

ಸಾಹಿತ್ಯ ಬಳಗದ ಓಲೆಯಲ್ಲಿ ಮುಟ್ಟಿನ ಚರಿತ್ರೆಯೇ ಎಂದು ಕೆಲವು ಓದುಗ ಮಿತ್ರರು ಹುಬ್ಬೇರಿಸಬಹುದು. ಆದರೆ ಈ ಮಾತು ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ಅಲ್ಲಗಳೆದಾಗ ರಜಸ್ಸಿನ ಸೂತಕವನ್ನೂ ಬಿಡಲಿಲ್ಲ. ನಮ್ಮ ಕಾಲಕ್ಕೆ ಬಂದರೆ, ಡಾ. ಅನುಪಮಾ ನಿರಂಜನ ಕಾದಂಬರಿ ಬರೆದ ಲೇಖನಿಯಲ್ಲೇ ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ ಬರೆದು, ಹೆಣ್ಣಿನ ದೇಹದ ಬಗ್ಗೆ ನಾಚಿಕೆಯಿಲ್ಲದೆ ಮಾತಾಡಲು ಬೇಕಾದ ಕನ್ನಡವನ್ನು ನಮಗೆ ಕೊಟ್ಟು ಹೋದರು. ಆ ಕನ್ನಡವನ್ನು ಬಳಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ.

ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಬಹುತೇಕರ ಮನೆಗಳಲ್ಲಿ, ಅಜ್ಜಿಯ ಕಾಲಕ್ಕೋ ಅಮ್ಮ, ದೊಡ್ಡಮ್ಮಂದಿರ ಕಾಲಕ್ಕೋ, ತಗ್ಗಿದ ದನಿಯಲ್ಲಿ ಆಡಿದ ಒಂದು ಮಾತು ಇದ್ದೇ ಇರುತ್ತದೆ: “ಅವಳಿಗೆ ತುಂಬಾ ಹೋಗ್ತಿತ್ತಂತೆ, ಗರ್ಭಕೋಶ ತೆಗೆಸಿಬಿಟ್ಟರಂತೆ.” ಅಷ್ಟೇ. ಎಷ್ಟು ವರ್ಷ ಹೋಗುತ್ತಿತ್ತು, ಏಕೆ ಹೋಗುತ್ತಿತ್ತು, ಬೇರೆ ದಾರಿ ಇತ್ತೇ ಎಂದು ಯಾರೂ ಕೇಳಿದ್ದಿಲ್ಲ. ಸಹಿಸಿಕೊಂಡು ಸೊರಗುವುದು ಇಲ್ಲವೇ ಅಂಗವನ್ನೇ ತೆಗೆಸುವುದು, ಇವೆರಡರ ನಡುವೆ ಒಂದು ಮೂರನೆಯ ದಾರಿ ತೆರೆದದ್ದು ಇಪ್ಪತ್ತನೆಯ ಶತಮಾನದ ಕೊನೆಯ ಇಪ್ಪತ್ತು ವರ್ಷಗಳಲ್ಲಿ. ಅದು ತೆರೆಯುವ ಮುನ್ನ ವೈದ್ಯರು ಒಂದು ಪುಟ್ಟ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿತ್ತು: ಶಸ್ತ್ರಚಿಕಿತ್ಸೆಯ ದಿನ ಗರ್ಭಕೋಶದ ಒಳಪದರ ಎಷ್ಟು ದಪ್ಪ ಇರಬೇಕು? ಈ ಬರಹ ಆ ಪ್ರಶ್ನೆಯ ಚರಿತ್ರೆ.

ಎಷ್ಟಾದರೆ ಹೆಚ್ಚು?

ಮೊದಲು ‘ತುಂಬಾ ಹೋಗುವುದು’ ಎಂದರೆ ಎಷ್ಟು ಎಂಬುದನ್ನು ನೋಡೋಣ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಹಾಲ್‌ಬರ್ಗ್ ಮತ್ತು ಸಂಗಡಿಗರು 476 ಹೆಂಗಸರ ಮುಟ್ಟಿನ ರಕ್ತವನ್ನು ಅಳೆದು 1966ರಲ್ಲಿ ವರದಿ ಪ್ರಕಟಿಸಿದರು. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವುದು 40 ಮಿಲಿಲೀಟರಿನ ಆಸುಪಾಸು. 80 ದಾಟಿದರೆ ದೇಹದ ಕಬ್ಬಿಣ ಕರಗುತ್ತಾ ರಕ್ತಹೀನತೆ ಕಾಣಿಸಿಕೊಳ್ಳುತ್ತದೆ ಎಂದು ತಿಳಿಯಿತು. ಅಂದಿನಿಂದ 80 ಮಿಲಿಲೀಟರ್ ಎನ್ನುವುದು ಪಠ್ಯಪುಸ್ತಕಗಳ ಗೆರೆಯಾಯಿತು. ಆದರೆ ಮನೆಯಲ್ಲಿ ಅಳೆದು ನೋಡುವವರು ಯಾರು? 2007ರಲ್ಲಿ ಇಂಗ್ಲೆಂಡಿನ ನೈಸ್ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ಅಳತೆಯನ್ನು ಬದಿಗಿಟ್ಟು, ಹೆಣ್ಣಿನ ದೈಹಿಕ, ಮಾನಸಿಕ, ಸಾಮಾಜಿಕ ಬದುಕಿಗೆ ಅಡ್ಡಿಯಾಗುವಷ್ಟು ಹೋದರೆ ಅದೇ ಅತಿಸ್ರಾವ ಎಂದು ಹೇಳಿತು. ಅಂದರೆ, “ನನಗೆ ತುಂಬಾ ಹೋಗುತ್ತಿದೆ” ಎಂದು ಆಕೆ ಹೇಳಿದರೆ ಅದೇ ಪ್ರಮಾಣ. ಇಷ್ಟು ಸರಳ ಮಾತಿಗೆ ವೈದ್ಯಶಾಸ್ತ್ರ ಇಷ್ಟು ಕಾಲ ತೆಗೆದುಕೊಂಡಿತು!

ಕಾಯಿಲೆಯೇನೋ ಹಳೆಯದೇ. ನಮ್ಮ ಆಯುರ್ವೇದ ಗ್ರಂಥಗಳಲ್ಲಿ ಪ್ರದರ, ಅಸೃಗ್ದರ ಎಂಬ ಹೆಸರುಗಳಿವೆ. ಅಶೋಕದ ತೊಗಟೆಯ ಕಷಾಯ ಇಂದಿಗೂ ಅಂಗಡಿಗಳಲ್ಲಿ ಸಿಗುತ್ತದೆ. ಪಶ್ಚಿಮದಲ್ಲಿ ಹತ್ತೊಂಬತ್ತನೆಯ ಶತಮಾನ ಎರಡು ಹತಾರಗಳನ್ನು ತಂದಿತು. ಒಂದು, ಫ್ರಾನ್ಸಿನ ರೆಕಾಮಿಯೆ 1840ರ ದಶಕದಲ್ಲಿ ಬಳಕೆಗೆ ತಂದ ಕ್ಯುರೆಟ್, ಗರ್ಭಕೋಶದ ಒಳಗನ್ನು ಕೆರೆಯುವ ಉದ್ದ ಹಿಡಿಯ ಚಮಚ. ಎರಡು, ಗರ್ಭಕೋಶವನ್ನೇ ತೆಗೆಯುವ ಶಸ್ತ್ರಕ್ರಿಯೆ. 1843ರಲ್ಲಿ ಮ್ಯಾಂಚೆಸ್ಟರಿನ ಚಾರ್ಲ್ಸ್ ಕ್ಲೇ ಹೊಟ್ಟೆ ಕುಯ್ದು ಗರ್ಭಕೋಶ ತೆಗೆದಾಗ ರೋಗಿ ಬದುಕಲಿಲ್ಲ. ಹತ್ತು ವರ್ಷದ ಬಳಿಕ, 1853ರಲ್ಲಿ, ಮ್ಯಾಸಚೂಸೆಟ್ಸಿನ ಲೋವೆಲ್ ಊರಿನಲ್ಲಿ ಬರ್ನಮ್ ಮಾಡಿದ ಶಸ್ತ್ರಕ್ರಿಯೆಯಲ್ಲಿ ರೋಗಿ ಉಳಿದಳು. ಆಮೇಲೆ ಅರಿವಳಿಕೆ, ನಂಜುನಿರೋಧ, ರಕ್ತದಾನ, ಆಂಟಿಬಯಾಟಿಕ್ ಒಂದೊಂದಾಗಿ ಬಂದು ಆ ಶಸ್ತ್ರಕ್ರಿಯೆ ಎಷ್ಟು ಸಲೀಸಾಯಿತೆಂದರೆ, 1980ರ ದಶಕದ ಹೊತ್ತಿಗೆ ಅಮೆರಿಕ ಒಂದರಲ್ಲೇ ವರ್ಷಕ್ಕೆ ಸುಮಾರು ಆರು ಲಕ್ಷ ಹೆಂಗಸರು ಗರ್ಭಕೋಶ ತೆಗೆಸಿಕೊಳ್ಳುತ್ತಿದ್ದರು. ಅದರಲ್ಲಿ ಎಷ್ಟೋ ಗರ್ಭಕೋಶಗಳಲ್ಲಿ ಗೆಡ್ಡೆಯೂ ಇರಲಿಲ್ಲ, ಕ್ಯಾನ್ಸರೂ ಇರಲಿಲ್ಲ. ರಕ್ತ ಹೆಚ್ಚು ಹೋಗುತ್ತಿತ್ತು, ಅಷ್ಟೇ.

ಹಾಗಾದರೆ ಕೆರೆದು ಬಿಟ್ಟರೆ ಸಾಲದೇ? ಸಾಲದು. ಒಂದೆರಡು ತಿಂಗಳು ಕಡಿಮೆಯಾದಂತೆ ಕಂಡು ಮತ್ತೆ ಮೊದಲಿನಂತೆಯೇ. ಏಕೆ ಎಂದು ತಿಳಿಯಲು ಒಳಪದರದ ಗುಟ್ಟು ತಿಳಿಯಬೇಕಿತ್ತು.

ಕೂಳೆ ಕಬ್ಬಿನಂಥ ಪದರ

1908ರವರೆಗೆ ಆ ಗುಟ್ಟು ಪರಿಣತರಿಗೂ ಗೊತ್ತಿರಲಿಲ್ಲ. ಮುಟ್ಟಿಗೆ ಮುಂಚೆ ಒಳಪದರ ದಪ್ಪಗೆ, ಗ್ರಂಥಿಗಳೆಲ್ಲ ಸುರುಳಿಸುರುಳಿಯಾಗಿ ಕಂಡರೆ ಅದನ್ನು ಉರಿಯೂತ, ಕಾಯಿಲೆ ಎಂದೇ ಬರೆಯುತ್ತಿದ್ದರು. ಆ ವರ್ಷ ವಿಯೆನ್ನಾದ ಹಿಚ್‌ಮನ್ ಮತ್ತು ಆಡ್ಲರ್ ಎಂಬ ಇಬ್ಬರು ವೈದ್ಯರು, ಮುಟ್ಟಿನ ಯಾವ ದಿನ ತೆಗೆದದ್ದು ಎಂದು ಲೆಕ್ಕ ಇಟ್ಟು ಒಳಪದರದ ಚೂರುಗಳನ್ನು ಸೂಕ್ಷ್ಮದರ್ಶಕದಡಿ ನೋಡಿದರು. ಕಾಯಿಲೆ ಎಂದುಕೊಂಡದ್ದು ಕಾಯಿಲೆಯಲ್ಲ, ತಿಂಗಳ ದಿನಚರಿ ಎಂದು ತೋರಿಸಿಕೊಟ್ಟರು. ಪದರ ಬೆಳೆಯುತ್ತದೆ, ಹದವಾಗುತ್ತದೆ, ಕಳಚಿ ಬೀಳುತ್ತದೆ, ಮತ್ತೆ ಬೆಳೆಯುತ್ತದೆ.

ಈ ಕಳಚುವಿಕೆಯನ್ನು ಕಣ್ಣಾರೆ ನೋಡಿದವನು ಮಾರ್ಕೀ ಎಂಬ ಅಮೆರಿಕದ ವಿಜ್ಞಾನಿ. ‘ಕಣ್ಣಾರೆ’ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ರೀಸಸ್ ಕೋತಿಗಳ ಒಳಪದರದ ಚೂರುಗಳನ್ನು ಅವುಗಳ ಕಣ್ಣಿನ ಮುಂಭಾಗದ ಕೋಣೆಯಲ್ಲೇ ನೆಟ್ಟು, ಪಾರದರ್ಶಕ ಕಾರ್ನಿಯಾದ ಮೂಲಕ ತಿಂಗಳುಗಟ್ಟಲೆ ನೋಡುತ್ತಾ ಕೂತ. ಹಾರ್ಮೋನು ಇಳಿದಾಗ ಚೂರು ಕುಗ್ಗುವುದು, ಸುರುಳಿ ರಕ್ತನಾಳಗಳು ಬಿಗಿಯುವುದು, ಆಮೇಲೆ ರಕ್ತ ಒಸರುವುದು, ಎಲ್ಲವನ್ನೂ 1940ರಲ್ಲಿ ಬರೆದಿಟ್ಟ. ರೀಸಸ್ ಕೋತಿ ಭಾರತದ್ದೇ. ಆದರೆ ನಮ್ಮ ದಕ್ಷಿಣದ ದೇವಸ್ಥಾನಗಳಲ್ಲಿ ಬಾಳೆಹಣ್ಣು ಕಿತ್ತುಕೊಳ್ಳುವ ಬಾನೆಟ್ ಕೋತಿಯಲ್ಲ, ಉತ್ತರದ ಅದರ ದಾಯಾದಿ. ಆ ಮೂಕಪ್ರಾಣಿಗಳ ಋಣ ಈ ಕಥೆಯಲ್ಲಿ ಮತ್ತೊಮ್ಮೆ ಬರುತ್ತದೆ.

ಒಳಪದರದಲ್ಲಿ ಎರಡು ಭಾಗ. ಮೇಲಿನದು ಪ್ರತಿ ತಿಂಗಳೂ ಬೆಳೆದು ಬೀಳುವಂಥದು. ಕೆಳಗಿನದು ತಳಪದರ, ಅದು ಬೀಳುವುದಿಲ್ಲ, ಅಲ್ಲಿಂದಲೇ ಮೇಲಿನದು ಮತ್ತೆ ಚಿಗುರುತ್ತದೆ. ಮಂಡ್ಯದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಇದು ಕೂಳೆ ಕಬ್ಬು. ಮೇಲೆ ಎಷ್ಟೇ ನುಣ್ಣಗೆ ಕಡಿದರೂ ಬುಡದ ಕೂಳೆ ಉಳಿದಿದ್ದರೆ ಮುಂದಿನ ಬೆಳೆ ತಾನೇ ಎದ್ದು ನಿಲ್ಲುತ್ತದೆ. ಕ್ಯುರೆಟ್ ಕಬ್ಬು ಕಡಿಯುತ್ತಿತ್ತು, ಕೂಳೆಯನ್ನು ಮುಟ್ಟುತ್ತಿರಲಿಲ್ಲ. ಅಲ್ಲದೆ ತಳಪದರದ ಗ್ರಂಥಿಗಳು ಸಮತಟ್ಟಾಗಿ ಮುಗಿಯುವುದಿಲ್ಲ. ಅಲ್ಲಲ್ಲಿ ಕೆಳಗಿನ ಸ್ನಾಯುವಿನೊಳಕ್ಕೂ ಬೇರುಬಿಟ್ಟಿರುತ್ತವೆ. ರಕ್ತಸ್ರಾವ ಶಾಶ್ವತವಾಗಿ ನಿಲ್ಲಬೇಕಾದರೆ ಒಳಪದರದ ಪೂರ್ತಿ ದಪ್ಪವನ್ನೂ, ಅದರ ಕೆಳಗಿನ ಎರಡು ಮೂರು ಮಿಲಿಮೀಟರ್ ಸ್ನಾಯುವನ್ನೂ ಸುಡಬೇಕು.

ಕತ್ತಲಲ್ಲಿ ಹಚ್ಚಿದ ಬೆಂಕಿ

ಸುಡುವ ಯೋಚನೆ ಹಳೆಯದು. 1890ರ ದಶಕದಲ್ಲಿ ಮಾಸ್ಕೋದ ಸ್ನೆಗಿರ್ಯೋವ್ ಗರ್ಭಕೋಶದೊಳಕ್ಕೆ ಬಿಸಿ ಹಬೆ ಹಾಯಿಸಿ ನೋಡಿದ. 1937ರಲ್ಲಿ ಜರ್ಮನಿಯ ಬಾರ್ಡನ್‌ಹಾಯರ್ ವಿದ್ಯುತ್ತಿನ ಗುಂಡುತುದಿಯ ಸಲಾಕೆಯಿಂದ ಸುಟ್ಟ. 1960ರ ದಶಕದಲ್ಲಿ ಇದಕ್ಕೆ ತದ್ವಿರುದ್ಧವಾಗಿ ಹೆಪ್ಪುಗಟ್ಟಿಸುವ ಪ್ರಯೋಗವೂ ನಡೆಯಿತು. ಇವೆಲ್ಲವೂ ಕತ್ತಲಲ್ಲಿ ಮಾಡಿದ ಕೆಲಸ. ಎಲ್ಲಿ ಸುಟ್ಟಿತು, ಎಲ್ಲಿ ಬಿಟ್ಟಿತು, ಎಷ್ಟು ಆಳಕ್ಕೆ ಹೋಯಿತು, ಒಂದೂ ಕಾಣುತ್ತಿರಲಿಲ್ಲ.

ಗರ್ಭಕೋಶದೊಳಗೆ ಬೆಳಕು ಬಿಟ್ಟು ನೋಡಿದ ಮೊದಲಿಗ ಇಟಲಿಯ ಪಂಟಾಲಿಯೋನಿ, 1869ರಲ್ಲಿ. ಮುಟ್ಟು ನಿಂತ ಮೇಲೂ ರಕ್ತ ಹೋಗುತ್ತಿದ್ದ ಅರವತ್ತರ ಹೆಂಗಸೊಬ್ಬಳ ಗರ್ಭಕೋಶದಲ್ಲಿ ಒಂದು ಪಾಲಿಪ್ ಕಂಡು, ಅದನ್ನು ಸಿಲ್ವರ್ ನೈಟ್ರೇಟಿನಿಂದ ಸುಟ್ಟ. ಆದರೂ ಆ ನೋಟ ಮುಂದಿನ ನೂರು ವರ್ಷ ಬಳಕೆಗೆ ಬರಲಿಲ್ಲ. ಗರ್ಭಕೋಶ ಖಾಲಿ ಚೀಲದಂತೆ ಗೋಡೆಗೆ ಗೋಡೆ ಅಂಟಿಕೊಂಡಿರುವ ಅಂಗ. ಉಬ್ಬಿಸದೆ ಏನೂ ಕಾಣದು, ಉಬ್ಬಿಸಿದರೆ ರಕ್ತದ ಮಬ್ಬು. 1970ರಲ್ಲಿ ಸ್ವೀಡನ್ನಿನ ಎಡ್‌ಸ್ಟ್ರೋಮ್ ಮತ್ತು ಫರ್ನ್‌ಸ್ಟ್ರೋಮ್ ಮಂದವಾದ ಡೆಕ್ಸ್‌ಟ್ರಾನ್ ದ್ರವ ತುಂಬಿಸಿ ನೋಡಿದಾಗ ಆ ಮಬ್ಬು ತಿಳಿಯಾಯಿತು.

ಈ ನಡುವೆ ಒಂದು ಅನಾಹುತವೇ ದಾರಿ ತೋರಿಸಿತ್ತು. 1948ರಲ್ಲಿ ಜೋಸೆಫ್ ಆಶರ್‌ಮನ್ ಎಂಬ ವೈದ್ಯ, ಹೆರಿಗೆಯ ಅಥವಾ ಗರ್ಭಪಾತದ ಬಳಿಕ ಅತಿಯಾಗಿ ಕೆರೆಸಿಕೊಂಡ ಕೆಲವು ಹೆಂಗಸರಲ್ಲಿ ಮುಟ್ಟೇ ನಿಂತುಹೋಗುವುದನ್ನು ವಿವರಿಸಿದ್ದ. ಬುಡದ ಪದರವೇ ಹೋಗಿ, ಗಾಯ ಮಾಯುವಾಗ ಗೋಡೆಗಳು ಕಲೆಗಟ್ಟಿ ಅಂಟಿಕೊಂಡಿದ್ದವು. ಮಗು ಬೇಕೆಂದು ಕಾಯುತ್ತಿದ್ದ ಹೆಣ್ಣಿಗೆ ಅದು ದುರಂತ. ಆದರೆ ಮಕ್ಕಳಾಗಿ, ನಲವತ್ತು ದಾಟಿ, ತಿಂಗಳಿಗೆ ಹತ್ತು ದಿನ ರಕ್ತ ಹೋಗಿ ಬಸವಳಿದ ಹೆಣ್ಣಿಗೆ? ಒಬ್ಬಳ ಶಾಪ ಇನ್ನೊಬ್ಬಳ ವರವಾಗಬಹುದಲ್ಲ!

ಡೆಟ್ರಾಯಿಟ್, 1981

ಆ ವರವನ್ನು ಬೇಕೆಂದೇ ಕೊಡಲು ಹೊರಟವನು ಡೆಟ್ರಾಯಿಟ್‌ನ ಮಿಲ್ಟನ್ ಗೋಲ್ಡ್‌ರಾತ್. ಮೋಟಾರು ಕಾರಿನ ಊರೆಂದು ನಾವೆಲ್ಲ ತಿಳಿದಿರುವ ಈ ನಗರ, ಹೆಂಗಸರ ಆರೋಗ್ಯದ ಚರಿತ್ರೆಯಲ್ಲೂ ಒಂದು ಮೈಲಿಗಲ್ಲು. 1981ರಲ್ಲಿ ಗೋಲ್ಡ್‌ರಾತ್ ಮತ್ತು ಇಬ್ಬರು ಸಂಗಡಿಗರು ಪ್ರಕಟಿಸಿದ ಪ್ರಬಂಧದಲ್ಲಿ 22 ಹೆಂಗಸರ ವಿವರವಿದೆ. ಹಿಸ್ಟರೋಸ್ಕೋಪ್ ಎಂಬ ತೆಳು ದುರ್ಬೀನನ್ನು ಒಳಗಿಳಿಸಿ, ಅದರ ಪಕ್ಕದಲ್ಲೇ ತೂರಿಸಿದ ಗಾಜಿನ ಎಳೆಯ ತುದಿಯಿಂದ ಲೇಸರ್ ಬಿಟ್ಟು, ಹೊಲ ಉಳುವಂತೆ ಸಾಲುಸಾಲಾಗಿ ಒಳಪದರವನ್ನು ಸುಡುತ್ತಾ ಹೋಗುವುದು. ಬಹುಮಟ್ಟಿಗೆ ಎಲ್ಲರಿಗೂ ಗುಣ ಸಿಕ್ಕಿತು.

ಆದರೆ ಲೇಸರಿಗೂ ಒಂದು ಮಿತಿ ಇತ್ತು, ನಮ್ಮ ಕಥೆಯ ಜೀವಾಳವೇ ಆ ಲೆಕ್ಕ. ಅದರ ಬಿಸಿ ನಾಲ್ಕೈದು ಮಿಲಿಮೀಟರ್ ಆಳಕ್ಕೆ ಮಾತ್ರ ಇಳಿಯುತ್ತದೆ. ಮುಟ್ಟಾದ ಕೂಡಲೇ ಒಳಪದರದ ದಪ್ಪ ಕೆಲವೇ ಮಿಲಿಮೀಟರ್. ಮುಂದಿನ ಮುಟ್ಟು ಹತ್ತಿರವಾಗುವಾಗ ಅದೇ ಪದರ ಹತ್ತು ಮಿಲಿಮೀಟರನ್ನೂ ದಾಟಬಹುದು. ಹತ್ತರ ದಪ್ಪವಿದ್ದ ದಿನ ಐದರ ಆಳಕ್ಕೆ ಸುಟ್ಟರೆ ಏನಾದೀತು? ಕಬ್ಬು ಸುಟ್ಟೀತು, ಕೂಳೆ ಉಳಿದೀತು. ರೋಗಿ ಮೂರು ತಿಂಗಳಿಗೆ ಮತ್ತೆ ಬಾಗಿಲಿಗೆ ಬಂದಾಳು.

ಹಾಗಿದ್ದರೆ ಮುಟ್ಟು ಮುಗಿದ ಮಾರನೆಯ ದಿನವೇ ಮಾಡಬಾರದೇಕೆ? ಹೇಳುವುದು ಸುಲಭ. ಈ ರೋಗಿಗಳಲ್ಲಿ ಎಷ್ಟೋ ಜನರಿಗೆ ಮುಟ್ಟು ಯಾವಾಗ ಬಂತು, ಯಾವಾಗ ಮುಗಿಯಿತು ಎಂಬುದೇ ತಿಳಿಯುವುದಿಲ್ಲ. ಆಸ್ಪತ್ರೆಯ ಆಪರೇಷನ್ ಥಿಯೇಟರೋ ವಾರಗಟ್ಟಲೆ ಮುಂಚೆ ಗೊತ್ತುಮಾಡಬೇಕಾದ ಜಾಗ. ಅದರ ಕ್ಯಾಲೆಂಡರು ಯಾವ ಹೆಣ್ಣಿನ ಕ್ಯಾಲೆಂಡರನ್ನೂ ಕೇಳುವುದಿಲ್ಲ. ಶಸ್ತ್ರಕ್ರಿಯೆಗೆ ಮುಂಚೆ ಅಲ್ಲೇ ಕೆರೆದುಬಿಡಬಹುದು, ಹಾಗೆ ಮಾಡಿದವರೂ ಇದ್ದಾರೆ. ಆದರೆ ಕೆರೆದ ಮೇಲೆ ಉಳಿಯುವ ರಕ್ತ, ಚೂರುಗಳಿಂದ ನೋಟ ಮಸುಕಾಗುತ್ತದೆ.

ಉಳಿದ ದಾರಿ ಒಂದೇ: ಔಷಧ ಕೊಟ್ಟು ಪದರವನ್ನು ಮುಂಚಿತವಾಗಿ ತೆಳುವಾಗಿಸುವುದು. ಗೋಲ್ಡ್‌ರಾತ್ ಆರಿಸಿಕೊಂಡದ್ದು ಡನಜಾಲ್.

ಡನಜಾಲ್‌ನ ಬೆಲೆ

ಡನಜಾಲ್ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ರೆನ್ಸಲೇರ್‌ನಲ್ಲಿದ್ದ ಸ್ಟರ್ಲಿಂಗ್-ವಿಂಥ್ರಾಪ್ ಪ್ರಯೋಗಾಲಯದಲ್ಲಿ. ಜಾರ್ಜಿಯಾದ ಅಗಸ್ಟಾದಲ್ಲಿ ರಾಬರ್ಟ್ ಗ್ರೀನ್‌ಬ್ಲಾಟ್ 1971ರಲ್ಲಿ ಅದನ್ನು ಎಂಡೊಮೆಟ್ರಿಯೋಸಿಸ್ ಕಾಯಿಲೆಗೆ ಬಳಸಿದ ವರದಿ ಕೊಟ್ಟ. ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆದು ನೋವು ಕೊಡುವ ಕಾಯಿಲೆ ಅದು. 1976ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಹೊರಗೆ ಬೆಳೆದ ಪದರವನ್ನು ಒಣಗಿಸುವ ಮದ್ದು ಒಳಗಿನ ಪದರವನ್ನೂ ಒಣಗಿಸಬೇಕಲ್ಲವೇ? ಒಣಗಿಸಿತು. ಕೆಲವು ವಾರ ಮಾತ್ರೆ ನುಂಗಿದರೆ ಪದರ ತೆಳುವಾಗಿ, ಲೇಸರಿನ ಬಿಸಿ ಬುಡ ಮುಟ್ಟುತ್ತಿತ್ತು.

ಆದರೆ ಡನಜಾಲ್ ಗಂಡುಹಾರ್ಮೋನಿನ ಸಂಬಂಧಿ. ಮೈತೂಕ ಏರುವುದು, ಮೊಡವೆ, ಮುಖದ ಮೇಲೆ ಕೂದಲು, ದನಿ ಒಡೆಯುವುದು ಅದರ ಅಡ್ಡ ಪರಿಣಾಮಗಳು. ಬೇರೆಲ್ಲ ಔಷಧ ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋದರೂ, ಒಡೆದ ದನಿ ಕೆಲವರಲ್ಲಿ ಮರಳಿ ಬರುವುದೇ ಇಲ್ಲ. ಸಂಗೀತ ಹಾಡುವ, ಪಾಠ ಹೇಳುವ ಹೆಂಗಸರಿಗೆ ಇದು ಸಣ್ಣ ಬೆಲೆಯಲ್ಲ. ಆರೆಂಟು ವಾರದ ಮಟ್ಟಿಗೆ ಬಹುಜನ ಸಹಿಸಿಕೊಂಡರು, ನಿಜ. ಹೆಂಗಸರ ಸಹನೆಯ ಮೇಲೆ ನಿಂತ ಚಿಕಿತ್ಸೆಗಳ ಪಟ್ಟಿ ಮೊದಲೇ ಉದ್ದವಾಗಿದೆ. ಅದಕ್ಕೆ ಇನ್ನೊಂದು ಸೇರಿತು.

ಅಷ್ಟರಲ್ಲಿ ಸುಡುವ ಉಪಕರಣಗಳೂ ಬದಲಾದವು. ಗಂಡಸರ ಪ್ರಾಸ್ಟೇಟ್ ಕೊರೆಯಲು ಮಾಡಿದ್ದ ರಿಸೆಕ್ಟೋಸ್ಕೋಪ್‌ನ ವಿದ್ಯುತ್ ತಂತಿಯನ್ನು ರಾಬರ್ಟ್ ನ್ಯೂವರ್ತ್ 1970ರ ದಶಕದಲ್ಲಿ ಗರ್ಭಕೋಶದ ಗೆಡ್ಡೆಗಳಿಗೆ ಬಳಸಿದ್ದ. 1983ರಲ್ಲಿ ಯೇಲ್‌ನ ಡಿಚರ್ನಿ ಮತ್ತು ಪೋಲನ್ ಅದನ್ನೇ, ದೊಡ್ಡ ಶಸ್ತ್ರಕ್ರಿಯೆ ತಾಳಲಾರದ ರೋಗಿಗಳ ನಿಲ್ಲದ ರಕ್ತಸ್ರಾವಕ್ಕೆ ಬಳಸಿದರು. 1989ರಲ್ಲಿ ಥಿಯೆರಿ ವಾನ್‌ಕೈಲಿ ಉರುಳುವ ಗುಂಡಿನ ತುದಿಯನ್ನು ಪರಿಚಯಿಸಿದ. ಅದೇ ಹೊತ್ತಿಗೆ ಆಕ್ಸ್‌ಫರ್ಡಿನಲ್ಲಿ ಆಡಮ್ ಮ್ಯಾಗೋಸ್ ಒಳಪದರವನ್ನು ಹೆರೆದು ತೆಗೆಯುವ ವಿಧಾನವನ್ನು ಬ್ರಿಟನ್ನಿನಲ್ಲಿ ಬೇರೂರಿಸಿದ. ಲೇಸರಿಗಿಂತ ಅಗ್ಗ, ಬೇಗ. ಆದರೆ ಗರ್ಭಕೋಶ ಉಬ್ಬಿಸಲು ಹರಿಸುವ ದ್ರವ ತೆರೆದ ರಕ್ತನಾಳಗಳ ಮೂಲಕ ದೇಹಕ್ಕೆ ಸೇರಿ, ರಕ್ತದ ಸೋಡಿಯಂ ಕುಸಿದು, ಮಿದುಳಿಗೇ ಕುತ್ತು ಬರುವ ಅಪಾಯವಿತ್ತು. ಕೆಲಸ ಎಷ್ಟು ಹೊತ್ತು ನಡೆದರೆ ಅಷ್ಟು ಅಪಾಯ. ದಪ್ಪ ಪದರವೆಂದರೆ ಹೆಚ್ಚು ಹೊತ್ತು. ಹೀಗಾಗಿ ಪದರ ತೆಳುವಾಗಿಸುವ ಸಿದ್ಧತೆ ಫಲಿತಾಂಶಕ್ಕೆ ಎಷ್ಟು ಮುಖ್ಯವೋ ಸುರಕ್ಷತೆಗೂ ಅಷ್ಟೇ ಮುಖ್ಯವಾಯಿತು.

ಹಂದಿ, ಕುರಿ, ಕೋತಿ

ಡನಜಾಲ್‌ಗೆ ಪರ್ಯಾಯ ಬಂದದ್ದು ತೀರ ಬೇರೆ ದಿಕ್ಕಿನಿಂದ. ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಯಾವ ರಾಸಾಯನಿಕದಿಂದ ಅಂಡಾಶಯವನ್ನು ಆಳುತ್ತದೆ ಎಂಬ ಹುಡುಕಾಟದಲ್ಲಿ ಇಬ್ಬರು ವಿಜ್ಞಾನಿಗಳು ಜಿದ್ದಿಗೆ ಬಿದ್ದಿದ್ದರು. ನ್ಯೂ ಆರ್ಲಿಯನ್ಸ್‌ನ ಆಂಡ್ರ್ಯೂ ಶಾಲಿ ಕಸಾಯಿಖಾನೆಗಳಿಂದ ಹಂದಿಯ ಮಿದುಳುಗಳನ್ನು ತರಿಸಿದ, ರೋಜೆ ಗಿಯಮಾ ಕುರಿಯ ಮಿದುಳುಗಳನ್ನು. ಲಕ್ಷಗಟ್ಟಲೆ ಪ್ರಾಣಿಗಳ ಮಿದುಳು ಅರೆದು ಸೋಸಿದರೆ ಸಿಗುತ್ತಿದ್ದದ್ದು ಚಿಟಿಕೆಗೂ ಕಡಿಮೆ. 1971ರಲ್ಲಿ ಶಾಲಿಯ ತಂಡ ಆ ಹಾರ್ಮೋನಿನ ರಚನೆಯನ್ನು ಪ್ರಕಟಿಸಿತು: ಬರೀ ಹತ್ತು ಅಮೈನೋ ಆಮ್ಲಗಳ ಸರಪಳಿ, ಹೆಸರು ಜಿಎನ್‌ಆರ್‌ಎಚ್. ಆ ಪ್ರಬಂಧದ ಕರ್ತೃಗಳಲ್ಲಿ ಜಪಾನೀ ಹೆಸರುಗಳ ನಡುವೆ ನಾಯರ್ ಎಂಬ ಹೆಸರೂ ಇದೆ. 1977ರಲ್ಲಿ ಶಾಲಿ, ಗಿಯಮಾ ಇಬ್ಬರಿಗೂ ನೊಬೆಲ್ ಬಂತು. ಜೀವನದುದ್ದಕ್ಕೂ ಸ್ಪರ್ಧಿಗಳಾಗಿದ್ದ ಇಬ್ಬರೂ ತೀರಿಕೊಂಡದ್ದು ಒಂದೇ ವರ್ಷ, 2024ರಲ್ಲಿ.

ಆಮೇಲೆ ಬಂತು ಅಚ್ಚರಿ. ಪಿಟ್ಸ್‌ಬರ್ಗ್‌ನಲ್ಲಿ ಅರ್ನ್‌ಸ್ಟ್ ನೋಬಿಲ್‌ನ ತಂಡ ರೀಸಸ್ ಕೋತಿಗಳ ಮೇಲೆ ಪ್ರಯೋಗ ಮಾಡಿ 1978ರಲ್ಲಿ ತೋರಿಸಿದ್ದು ಇದು: ಈ ಹಾರ್ಮೋನನ್ನು ಗಂಟೆಗೊಮ್ಮೆ ತಟ್ಟಿದಂತೆ ಕೊಟ್ಟರೆ ಅಂಡಾಶಯದ ಯಂತ್ರ ಓಡುತ್ತದೆ, ಎಡೆಬಿಡದೆ ಸುರಿದರೆ ನಿಂತುಬಿಡುತ್ತದೆ. ಬಾಗಿಲು ಆಗಾಗ ತಟ್ಟಿದರೆ ಮನೆಯವರು ಏಳುತ್ತಾರೆ, ಸದಾ ಬಡಿಯುತ್ತಿದ್ದರೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ! ಈ ತತ್ವದ ಮೇಲೆ, ಬೇಗ ಕರಗದ ಕೃತಕ ಜಿಎನ್‌ಆರ್‌ಎಚ್‌ಗಳನ್ನು ತಯಾರಿಸಿದರು. ತಿಂಗಳಿಗೊಂದು ಚುಚ್ಚುಮದ್ದು, ಲ್ಯುಪ್ರೊಲೈಡ್, ಗೊಸರೆಲಿನ್ ಎಂಬ ಹೆಸರುಗಳು. ಮೊದಲು ಕೆಲವು ದಿನ ಹಾರ್ಮೋನು ಉಕ್ಕಿ, ಆಮೇಲೆ ಅಂಡಾಶಯ ಮಲಗಿಬಿಡುತ್ತದೆ. ಈಸ್ಟ್ರೋಜೆನ್ ಇಲ್ಲದೆ ಒಳಪದರ ಮುಟ್ಟು ನಿಂತ ಹೆಂಗಸಿನದರಂತೆ ತೆಳುವಾಗುತ್ತದೆ. ಮೈ ಬಿಸಿಯೇರುವುದು, ಬೆವರುವುದು, ನಿದ್ದೆಗೇಡು ಇದ್ದದ್ದೇ. ಬಹುಕಾಲ ಕೊಟ್ಟರೆ ಮೂಳೆ ಸವೆಯುತ್ತದೆ. ಆದರೆ ಶಸ್ತ್ರಕ್ರಿಯೆಗೆ ಮುಂಚೆ ಬೇಕಾದದ್ದು ಒಂದೆರಡು ಡೋಸು ಮಾತ್ರ. ದನಿ ಒಡೆಯುವ ಭಯವಿಲ್ಲ. ತೊಂದರೆ ಎಂದರೆ ಬೆಲೆ.

ನಿಜಕ್ಕೂ ಉಪಯೋಗವಾಯಿತೇ?

1997ರಲ್ಲಿ ಎರಡು ದೊಡ್ಡ ಲೆಕ್ಕಗಳು ಹೊರಬಂದವು. ಬ್ರಿಟನ್ನಿನ ‘ಮಿಸಲ್‌ಟೋ’ ಸಮೀಕ್ಷೆ 10,686 ಹೆಂಗಸರ ಶಸ್ತ್ರಕ್ರಿಯೆಗಳ ತೊಡಕುಗಳನ್ನು ದಾಖಲಿಸಿತು. ಯಾವ ವಿಧಾನದಲ್ಲಿ ಎಷ್ಟು ಅಪಾಯ ಎಂಬುದು ಮೊದಲ ಬಾರಿಗೆ ಇಷ್ಟು ದೊಡ್ಡ ಪ್ರಮಾಣದಲ್ಲಿ ತಿಳಿಯಿತು. ಬೆಲ್ಜಿಯಂನ ಡೊನ್ನೆ ಮತ್ತು ಹಲವು ದೇಶಗಳ ಸಂಗಡಿಗರು ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಅರ್ಧದಷ್ಟು ಜನರಿಗೆ ಗೊಸರೆಲಿನ್, ಉಳಿದರ್ಧಕ್ಕೆ ಹುಸಿ ಚುಚ್ಚುಮದ್ದು. ಆರು ತಿಂಗಳ ಬಳಿಕ ಮುಟ್ಟು ಪೂರ್ತಿ ನಿಂತವರು ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 40, ಎರಡನೆಯದರಲ್ಲಿ ಸುಮಾರು 26.

ಹೀಗೆ ಚದುರಿದ ಅಧ್ಯಯನಗಳನ್ನು ಒಂದೆಡೆ ತಂದು ತೂಗಿದವರು ಕಾಕ್ರೇನ್ ಸಂಸ್ಥೆಯವರು. ಮೊದಲ ಪರಾಮರ್ಶೆ 2000ರ ಆಸುಪಾಸಿನಲ್ಲಿ ಬಂತು, 2013ರಲ್ಲಿ ಅದನ್ನು 20 ಅಧ್ಯಯನಗಳೊಂದಿಗೆ ಪರಿಷ್ಕರಿಸಲಾಯಿತು. ಅವರ ತೀರ್ಮಾನದಲ್ಲಿ ಹೊಗಳಿಕೆಯೂ ಇತ್ತು, ಸಂಯಮವೂ ಇತ್ತು. ಜಿಎನ್‌ಆರ್‌ಎಚ್ ಮದ್ದುಗಳೂ ಡನಜಾಲೂ ಪದರವನ್ನು ತೆಳುವಾಗಿಸುತ್ತವೆ, ಮೊದಲನೆಯವು ಹೆಚ್ಚು ಖಚಿತವಾಗಿ. ಶಸ್ತ್ರಕ್ರಿಯೆ ಬೇಗ ಮುಗಿಯುತ್ತದೆ, ವೈದ್ಯರಿಗೆ ಸುಲಭವಾಗುತ್ತದೆ, ಒಂದು ವರ್ಷದ ಬಳಿಕ ಮುಟ್ಟು ನಿಂತವರ ಸಂಖ್ಯೆ ಹೆಚ್ಚು. ಆದರೆ ವರ್ಷಗಳು ಉರುಳಿದಂತೆ ಈ ಅಂತರ ಕಿರಿದಾಗುತ್ತದೆ. ಮತ್ತೆ, ಸಿದ್ಧತೆ ಇದ್ದರೂ ಇಲ್ಲದಿದ್ದರೂ ಹೆಂಗಸರ ಸಮಾಧಾನ ಹೆಚ್ಚುಕಡಿಮೆ ಒಂದೇ. ಅವರು ಕೇಳಿದ್ದು ಮುಟ್ಟು ಪೂರ್ತಿ ನಿಲ್ಲಲಿ ಎಂದಲ್ಲ, ಬದುಕಲು ಬಿಡುವಷ್ಟು ಇಳಿಯಲಿ ಎಂದು. ವೈದ್ಯರು ಎಣಿಸಿದ ಗೆಲುವೂ ರೋಗಿಗಳು ಬಯಸಿದ ಗೆಲುವೂ ಒಂದೇ ಆಗಿರಲಿಲ್ಲ.

ಸಿದ್ಧತೆಯೇ ಚಿಕಿತ್ಸೆಯಾದಾಗ

ಇಲ್ಲಿಂದ ಕಥೆ ಎರಡು ದಾರಿ ಹಿಡಿಯಿತು. ಒಂದರಲ್ಲಿ ಯಂತ್ರ ಚುರುಕಾಗಿ, ಸಿದ್ಧತೆ ಬೇಡವಾಯಿತು. 1997ರಲ್ಲಿ ಎಫ್‌ಡಿಎ ಒಪ್ಪಿದ ಥರ್ಮಾಚಾಯ್ಸ್ ಎಂಬ ಬಿಸಿನೀರಿನ ಬಲೂನು ಎಂಟು ನಿಮಿಷದಲ್ಲಿ ಕೆಲಸ ಮುಗಿಸುತ್ತಿತ್ತು. ಅದು ಈಗ ಮಾರುಕಟ್ಟೆಯಲ್ಲಿಲ್ಲ. 2001ರಲ್ಲಿ ಬಂದ ನೊವಾಶ್ಯೂರ್ ಬಲೆಯಂತೆ ಬಿಚ್ಚಿಕೊಂಡು, ಅಂಗಾಂಶ ವಿದ್ಯುತ್ತಿಗೆ ಒಡ್ಡುವ ತಡೆಯನ್ನು ತಾನೇ ಅಳೆಯುತ್ತಾ, ಪದರ ಬೆಂದು ಸ್ನಾಯು ಮುಟ್ಟಿದ ಹೊತ್ತಿಗೆ ತಾನೇ ನಿಲ್ಲುತ್ತದೆ. ಎರಡು ನಿಮಿಷದೊಳಗೆ. ತಿಂಗಳ ಯಾವ ದಿನವಾದರೂ ಆದೀತು, ಔಷಧದ ಸಿದ್ಧತೆ ಬೇಕಿಲ್ಲ.

ಇನ್ನೊಂದು ದಾರಿ ಇದಕ್ಕಿಂತ ಸ್ವಾರಸ್ಯದ್ದು. ಪದರವನ್ನು ತೆಳುವಾಗಿಸುವುದೇ ಗುರಿಯಾದರೆ, ಅಷ್ಟಕ್ಕೇ ನಿಲ್ಲಬಾರದೇಕೆ? ಫಿನ್‌ಲ್ಯಾಂಡಿನಲ್ಲಿ ಟಪಾನಿ ಲುಕ್ಕೈನೆನ್ ಮತ್ತು ಸಂಗಡಿಗರು ಗರ್ಭನಿರೋಧಕ್ಕೆಂದು ರೂಪಿಸಿ 1990ರಲ್ಲಿ ಮಾರುಕಟ್ಟೆಗೆ ಬಂದ ಮಿರೀನಾ ಸಾಧನ, ದಿನಕ್ಕಿಷ್ಟು ಎಂದು ಪ್ರೊಜೆಸ್ಟೋಜೆನ್ ಜಿನುಗಿಸಿ ಒಳಪದರವನ್ನು ವರ್ಷಗಟ್ಟಲೆ ತೆಳುವಾಗಿಯೇ ಇಡುತ್ತದೆ. 2007ರ ನೈಸ್ ಮಾರ್ಗಸೂಚಿ ಅದನ್ನು ಔಷಧಗಳ ಪಟ್ಟಿಯಲ್ಲಿ ಮೊದಲಿಗಿಟ್ಟಿತು. 2009ರಲ್ಲಿ ಎಫ್‌ಡಿಎ ಅತಿಸ್ರಾವಕ್ಕೂ ಅದನ್ನು ಒಪ್ಪಿತು. ಶಸ್ತ್ರಕ್ಕೆ ಮುಂಚಿನ ಅಡುಗೆಯೇ ಊಟವಾಗಿ, ಎಷ್ಟೋ ಜನರಿಗೆ ಶಸ್ತ್ರವೇ ಬೇಡವಾಯಿತು.

ಹಾಗೆಂದು ಸುಡುವ ಚಿಕಿತ್ಸೆ ಸರ್ವರೋಗಕ್ಕೂ ಮದ್ದಲ್ಲ. ಮುಂದೆ ಮಕ್ಕಳು ಬೇಕೆನ್ನುವವರಿಗೆ ಅದು ಸಲ್ಲದು. ಮೊದಲು ಚೂರು ತೆಗೆದು ಕ್ಯಾನ್ಸರ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲೇಬೇಕು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ 3,681 ಹೆಂಗಸರನ್ನು ಹಿಂಬಾಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ 21 ಮಂದಿಗೆ ಮುಂದೆ ಗರ್ಭಕೋಶ ತೆಗೆಸಬೇಕಾಗಿ ಬಂತು. ವಯಸ್ಸು ಕಡಿಮೆ ಇದ್ದಷ್ಟೂ ಆ ಸಾಧ್ಯತೆ ಹೆಚ್ಚು. ಅದನ್ನೇ ತಿರುಗಿಸಿ ನೋಡಿದರೆ, ಆ ಅಧ್ಯಯನದಲ್ಲಿ ಐವರಲ್ಲಿ ಸುಮಾರು ನಾಲ್ವರಿಗೆ ತೆಗೆಸಬೇಕಾಗಿ ಬರಲಿಲ್ಲ.

ಊರ ಕಡೆ ಒಂದು ನೋಟ

ಈ ನಡುದಾರಿ ನಮ್ಮ ಊರುಗಳನ್ನು ತಲುಪಿದೆಯೇ? ದೊಡ್ಡ ನಗರಗಳನ್ನು ತಲುಪಿದೆ. ಆದರೆ 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ, ದಲಿತ ಕೇರಿಗಳ ಹೆಂಗಸರು ಬೀದಿಗೆ ಬಂದು ಹೇಳಿದ್ದನ್ನು ಮರೆಯಲಾಗದು. ಹೊಟ್ಟೆನೋವು, ಬಿಳಿಮುಟ್ಟು, ಹೆಚ್ಚು ರಕ್ತ ಎಂದು ಹೋದವರಿಗೆ ಗರ್ಭಕೋಶ ತೆಗೆಸದಿದ್ದರೆ ಜೀವಕ್ಕೇ ಅಪಾಯವೆಂದು ಹೆದರಿಸಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೆಗೆಯಲಾಗಿತ್ತು. 2019ರಲ್ಲಿ ನೆರೆಯ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಕಥೆ ದೇಶದ ಸುದ್ದಿಯಾಯಿತು: ಮುಟ್ಟಿನ ದಿನ ರಜೆ ಹಾಕಿದರೆ ಕೂಲಿಯೂ ಇಲ್ಲ, ಮೇಲೆ ದಂಡ, ಅದಕ್ಕಿಂತ ತೆಗೆಸುವುದೇ ಮೇಲು ಎನ್ನುವಂಥ ಸ್ಥಿತಿ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲ ಬಾರಿಗೆ ಈ ಪ್ರಶ್ನೆಯನ್ನು ದೇಶದುದ್ದಕ್ಕೂ ಕೇಳಿದಾಗ, 15ರಿಂದ 49ರ ವಯಸ್ಸಿನವರಲ್ಲಿ ನೂರಕ್ಕೆ 3.2 ಮಂದಿ ಗರ್ಭಕೋಶ ತೆಗೆಸಿದ್ದರು. ಅರ್ಧಕ್ಕಿಂತ ಹೆಚ್ಚಿನವರು ಕೊಟ್ಟ ಕಾರಣ ಮುಟ್ಟಿನ ಅತಿಸ್ರಾವ ಅಥವಾ ನೋವು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಗಳನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು.

ಗೋಲ್ಡ್‌ರಾತ್‌ನ ರೋಗಿಗಳಿಗೆ ಸಿಕ್ಕಿದ್ದು ಕೆಲವು ವಾರಗಳ ಸಿದ್ಧತೆ. ಕಲಬುರಗಿಯ ಹೆಂಗಸರಿಗೆ ಹೆದರಿಕೆ ಕೊಟ್ಟವರು ಅವರಿಗೆ ಯೋಚಿಸಲೂ ಸಮಯ ಕೊಟ್ಟಿರಲಿಲ್ಲ. ಡನಜಾಲ್ ಆಗಲಿ, ಜಿಎನ್‌ಆರ್‌ಎಚ್ ಆಗಲಿ, ಆ ವಾರಗಳಲ್ಲಿ ಪದರ ತೆಳುವಾಗುತ್ತಿತ್ತು. ಜೊತೆಗೆ ಕಬ್ಬಿಣದ ಮಾತ್ರೆಯಿಂದ ರಕ್ತ ಕೂಡಿಕೊಳ್ಳಲು, ಮತ್ತೊಬ್ಬ ವೈದ್ಯರನ್ನು ಕೇಳಿ ನೋಡಲು ಹೆಣ್ಣಿಗೆ ಬಿಡುವೂ ಸಿಗುತ್ತಿತ್ತು. ಆತುರದ ಕತ್ತರಿಗಿಂತ ಆ ಬಿಡುವೇ ಎಷ್ಟೋ ಗರ್ಭಕೋಶಗಳನ್ನು ಉಳಿಸಬಲ್ಲದು.

ಈ ಬರಹ ವೈದ್ಯರ ಸಲಹೆಗೆ ಬದಲಿಯಲ್ಲ ಎಂದು ಬೇರೆ ಹೇಳಬೇಕಿಲ್ಲ. ನಮ್ಮ ಬಳಗದಲ್ಲಿ ವೈದ್ಯರಿದ್ದಾರೆ, ಅವರು ತಿದ್ದಿ ಬರೆದರೆ ಮುಂದಿನ ಓಲೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ. ಉಳಿದವರಿಗೆ ಒಂದು ಕೋರಿಕೆ: ಭಾನುವಾರ ಊರಿಗೆ ಫೋನು ಮಾಡಿದಾಗ, ಬಿ.ಪಿ., ಶುಗರು ವಿಚಾರಿಸಿದ ಮೇಲೆ, ಅಕ್ಕನನ್ನೋ ಅತ್ತಿಗೆಯನ್ನೋ ಇದನ್ನೂ ಕೇಳಿ. “ತುಂಬಾ ಹೋಗ್ತಿದೆ, ತೆಗೆಸು ಅಂದಿದ್ದಾರೆ” ಎಂದು ಅವರು ಹೇಳಿದರೆ, “ಬೇರೆ ದಾರಿ ಇದೆಯಾ ಅಂತ ಕೇಳಿದೆಯಾ?” ಎಂದು ಒಂದು ಮಾತು ಹೇಳಿ. ನಮ್ಮ ಅಮ್ಮಂದಿರನ್ನು ಯಾರೂ ಹಾಗೆ ಕೇಳಿರಲಿಲ್ಲ.